128 ಹೆಣ, 3 ಬಂದೂಕು: ಯುದ್ಧದಲ್ಲಿ ನಡೆದ ಪಾಪ ಯಾರ ಲೆಕ್ಕಕ್ಕೆ?

1968ರ ಮಾರ್ಚ್ 16ರಂದು ವಿಯೆಟ್ನಾಂನಲ್ಲಿದ್ದ ಅಮೆರಿಕದ ಒಂದು ಪಡೆ ಮೇಲಕ್ಕೆ ಕಳಿಸಿದ ವರದಿಯಲ್ಲಿ ಎರಡು ಅಂಕಿಗಳಿದ್ದವು. ಕೊಂದ ಶತ್ರುಗಳು 128. ವಶಪಡಿಸಿಕೊಂಡ ಬಂದೂಕು 3.

ಕೂಡಿಸಿ ಕಳೆಯಲು ಬರುವ ಯಾರಿಗಾದರೂ ಇಲ್ಲಿ ಏನೋ ಎಡವಟ್ಟಾಗಿದೆ ಅನ್ನಿಸಬೇಕಿತ್ತು. 128 ಮಂದಿ ಗೆರಿಲ್ಲಾಗಳು ಮೂರು ಬಂದೂಕು ಹಂಚಿಕೊಂಡು ಯುದ್ಧ ಮಾಡುತ್ತಾರೆಯೇ? ಆ ದಿನ ಒಂದು ಹಳ್ಳಿಗೆ ನುಗ್ಗಿದ ಕಂಪನಿಯಲ್ಲಿ, ಅಂದರೆ ಸೇನಾ ತುಕಡಿಯಲ್ಲಿ, ಶತ್ರುವಿನ ಗುಂಡಿಗೆ ಒಬ್ಬನೂ ಬಿದ್ದಿರಲಿಲ್ಲ. ಗುಂಡೇಟಾಗಿದ್ದು ಒಬ್ಬನಿಗೆ ಮಾತ್ರ, ಅದೂ ತನ್ನ ಕೈಲಿದ್ದ ಪಿಸ್ತೂಲಿನಿಂದ ತನ್ನ ಪಾದಕ್ಕೇ. ಆದರೂ ವರದಿ ಓದಿದವರು ಹುಬ್ಬೇರಿಸಲಿಲ್ಲ. ವಿಯೆಟ್ನಾಂನಲ್ಲಿ ಅಮೆರಿಕ ಪಡೆಗಳ ದಂಡನಾಯಕರಾಗಿದ್ದ ಜನರಲ್ ವೆಸ್ಟ್‌ಮೋರ್‌ಲೆಂಡ್ ಅವರಿಂದ ಅಭಿನಂದನೆಯೂ ಬಂತು.

ಆ ಹಳ್ಳಿಯ ಹೆಸರು ಸನ್ ಮಿ. ಅಮೆರಿಕದ ನಕಾಶೆಗಳಲ್ಲಿ ಅದರ ಒಂದು ಕೇರಿಗೆ ಮೈ ಲಾಯ್ ಎಂದು ಹೆಸರಿತ್ತು. ಜಗತ್ತಿಗೆ ಗೊತ್ತಾದದ್ದು ಆ ಹೆಸರೇ. ಅಲ್ಲಿ ಸತ್ತವರು ಅಮೆರಿಕ ಸೇನೆಯ ಅಂದಾಜಿನಂತೆ 347 ಮಂದಿ. ಹಳ್ಳಿಯ ಸ್ಮಾರಕದಲ್ಲಿ ಕೆತ್ತಿರುವ ಹೆಸರುಗಳು 504. ಹೆಂಗಸರು, ಮುದುಕರು, ಹಾಲು ಕುಡಿಯುವ ಕೂಸುಗಳು. ಇಷ್ಟಕ್ಕೆಲ್ಲ ಕೊನೆಗೆ ಅಪರಾಧಿ ಎಂದು ತೀರ್ಮಾನವಾದವನು ಒಬ್ಬನೇ ಒಬ್ಬ, ಕಿರಿಯ ಅಧಿಕಾರಿ ವಿಲಿಯಂ ಕ್ಯಾಲಿ.

ಸೈನಿಕರು ಇಂಥ ಕೃತ್ಯ ಎಸಗಿದಾಗ ಹೊಣೆ ಯಾರದು ಎಂಬ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಬೇಕಾದಷ್ಟು ಉತ್ತರಗಳಿವೆ. ಆದರೆ ಪುಸ್ತಕ ಹೇಳುವುದಕ್ಕೂ ಕೋರ್ಟಿನ ಕೊನೆಯಲ್ಲಿ ಕಟಕಟೆಯಲ್ಲಿ ಉಳಿಯುವ ಮನುಷ್ಯನಿಗೂ ನಡುವೆ ದೊಡ್ಡ ಅಂತರವಿದೆ. ಹೊಣೆ ಮೇಲಕ್ಕೆ ಹತ್ತುವಾಗ ಪ್ರತಿ ಮೆಟ್ಟಿಲಲ್ಲೂ ಒಂದಷ್ಟು ಸೋರಿಹೋಗುತ್ತದೆ. ಎಲ್ಲಿ, ಹೇಗೆ ಸೋರುತ್ತದೆ ಎಂಬುದನ್ನು ಮೈ ಲಾಯ್ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

ಆ ಬೆಳಗ್ಗೆ

ಹಳ್ಳಿಗೆ ನುಗ್ಗಿದ ಚಾರ್ಲಿ ಕಂಪನಿ ಕೆಲವು ವಾರಗಳಿಂದ ನೆಲಬಾಂಬುಗಳಿಗೂ ಮರೆಯಿಂದ ಬರುವ ಗುಂಡಿಗೂ ತನ್ನವರನ್ನು ಕಳೆದುಕೊಳ್ಳುತ್ತಿತ್ತು. ಶತ್ರು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಮಾರ್ಚ್ 14ರಂದು ಒಬ್ಬ ಸಾರ್ಜೆಂಟ್ ಸತ್ತ. ಮರುದಿನ ಅವನಿಗೆ ಶ್ರದ್ಧಾಂಜಲಿ, ಅದರ ಬೆನ್ನಿಗೇ ಕಂಪನಿಯ ನಾಯಕ ಕ್ಯಾಪ್ಟನ್ ಅರ್ನೆಸ್ಟ್ ಮೆಡೀನಾ ಸೈನಿಕರಿಗೆ ನಾಳಿನ ದಾಳಿಯ ವಿವರ ಕೊಟ್ಟರು. ಗುಪ್ತಚರರ ಪ್ರಕಾರ ಬೆಳಗ್ಗೆ ಏಳರ ಹೊತ್ತಿಗೆ ಊರ ಜನ ಸಂತೆಗೆ ಹೋಗಿರುತ್ತಾರೆ, ಉಳಿದವರೆಲ್ಲ ವಿಯೆಟ್ ಕಾಂಗ್, ಅಂದರೆ ಕಮ್ಯುನಿಸ್ಟ್ ಗೆರಿಲ್ಲಾಗಳು. ಹೆಂಗಸರು ಮಕ್ಕಳನ್ನೂ ಕೊಲ್ಲಿ ಎಂದು ಮೆಡೀನಾ ಅಂದರೇ ಇಲ್ಲವೇ ಎಂಬುದರ ಮೇಲೆ ಮುಂದೆ ವರ್ಷಗಟ್ಟಲೆ ವಾದ ನಡೆಯಿತು. ಕೆಲವರು ಅಂದರು ಎಂದರು, ಕೆಲವರು ಇಲ್ಲ ಎಂದರು. ಮೆಡೀನಾ 2018ರಲ್ಲಿ ಸಾಯುವವರೆಗೂ ತಾನು ಹಾಗೆ ಹೇಳಿಲ್ಲ ಎಂದೇ ಹೇಳಿದರು.

ಬೆಳಗ್ಗೆ ಸೈನಿಕರು ಇಳಿದಾಗ ಜನ ಸಂತೆಗೆ ಹೋಗಿರಲಿಲ್ಲ. ತಿಂಡಿಗೆ ಅನ್ನ ಬೇಯಿಸುತ್ತಿದ್ದರು. ಎದುರಿನಿಂದ ಒಂದು ಗುಂಡೂ ಬರಲಿಲ್ಲ. ಕ್ಯಾಲಿಯ ಪ್ಲಟೂನ್, ಅಂದರೆ ಕಂಪನಿಯೊಳಗಿನ ಅವನ ಸಣ್ಣ ತುಕಡಿ, ಜನರನ್ನು ಗುಂಪು ಕೂಡಿಸಿತು, ಒಂದು ನೀರಾವರಿ ಕಾಲುವೆಗೆ ತಳ್ಳಿತು, ಗುಂಡು ಹಾರಿಸಿತು. ಪಾಲ್ ಮೀಡ್ಲೋ ಎಂಬ ಇಂಡಿಯಾನಾದ ಹುಡುಗ ಅಳುತ್ತಲೇ ಗುಂಡು ಹಾರಿಸಿದ ಎಂದು ಜೊತೆಯವರು ಸಾಕ್ಷಿ ಹೇಳಿದರು. ಅದೇ ಪ್ಲಟೂನಿನ ಇನ್ನು ಕೆಲವರು ಬಂದೂಕು ಎತ್ತಲೇ ಇಲ್ಲ. ಹಾಗೆ ಎತ್ತದವರಿಗೆ ಅಲ್ಲೇ ಶಿಕ್ಷೆಯೇನೂ ಆಗಲಿಲ್ಲ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಹನ್ನೊಂದರ ಸುಮಾರಿಗೆ ಗುಂಡು ನಿಲ್ಲಿಸಿ ಎಂಬ ಆದೇಶ ರೇಡಿಯೋದಲ್ಲಿ ಬಂತು. ಪ್ಲಟೂನ್ ಊಟಕ್ಕೆ ಕೂತಿತು.

ಮೇಲೆ ಒಂದು ಪುಟ್ಟ ಹೆಲಿಕಾಪ್ಟರ್ ಸುತ್ತುತ್ತಿತ್ತು. ಪೈಲಟ್ ಹ್ಯೂ ಥಾಮ್ಸನ್‌ಗೆ ವಯಸ್ಸು 24. ಅವನು ಕೆಳಗೆ ನೋಡಿದ್ದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ, ಬಂಕರಿನಲ್ಲಿ ಅಡಗಿದ್ದ ಹಳ್ಳಿಗರಿಗೂ ಅವರತ್ತ ಬರುತ್ತಿದ್ದ ಅಮೆರಿಕದ ಸೈನಿಕರಿಗೂ ನಡುವೆ ತನ್ನ ಹೆಲಿಕಾಪ್ಟರ್ ಇಳಿಸಿದ. ನಾನು ಈ ಜನರನ್ನು ಹೊರಗೆ ಕರೆಯುತ್ತೇನೆ, ನಮ್ಮವರೇ ಗುಂಡು ಹಾರಿಸಿದರೆ ನೀವು ಅವರ ಮೇಲೆ ಹಾರಿಸಿ ಎಂದು ತನ್ನ ಇಬ್ಬರು ಗನ್ನರ್‌ಗಳಾದ ಲಾರೆನ್ಸ್ ಕೋಲ್ಬರ್ನ್ ಮತ್ತು ಗ್ಲೆನ್ ಆಂಡ್ರಿಯೊಟಾಗೆ ಹೇಳಿದ. ಹತ್ತಿಪ್ಪತ್ತು ಹೆಜ್ಜೆ ಆಚೆ ಸೈನಿಕರು ಸುಮ್ಮನೆ ನಿಂತರು. ಇನ್ನೊಂದು ಹೆಲಿಕಾಪ್ಟರ್ ಕರೆಸಿ ಆ ಹತ್ತಾರು ಜೀವಗಳನ್ನು ಸಾಗಿಸಿದ್ದಾಯಿತು. ಹೊರಡುವ ಮುಂಚೆ ಆಂಡ್ರಿಯೊಟಾ ಕಾಲುವೆಗೆ ಇಳಿದು, ಹೆಣಗಳ ನಡುವೆ ಮಿಸುಕುತ್ತಿದ್ದ ಒಂದು ಮಗುವನ್ನು ಎತ್ತಿಕೊಂಡು ಬಂದ. ಮೂರು ವಾರದಲ್ಲಿ ಅವನೂ ಯುದ್ಧದಲ್ಲಿ ಸತ್ತ.

ಕೆಳಗಿನ ಮೆಟ್ಟಿಲು: 'ಆದೇಶವಿತ್ತು ಸ್ವಾಮಿ'

ಗುಂಡು ಹಾರಿಸಿದವನ ಮೊದಲ ಮಾತು ಯಾವ ಕಾಲದಲ್ಲೂ ಇದೇ. 1474ರಲ್ಲಿ ರೈನ್ ನದಿ ದಂಡೆಯ ಬ್ರೈಜಾಖ್‌ನಲ್ಲಿ ಪೀಟರ್ ಫಾನ್ ಹಾಗೆನ್‌ಬಾಖ್ ಎಂಬ ಆಡಳಿತಾಧಿಕಾರಿಯನ್ನು ಊರ ಜನರ ಮೇಲಿನ ಕ್ರೌರ್ಯಕ್ಕಾಗಿ ವಿಚಾರಣೆಗೆ ನಿಲ್ಲಿಸಿದಾಗ, ನಮ್ಮ ಡ್ಯೂಕ್ ಹೇಳಿದ್ದನ್ನು ಮಾಡಿದೆ ಎಂದಿದ್ದ. ತಲೆ ಹೋಯಿತು.

ಈ ಸಮಜಾಯಿಷಿಯನ್ನು ಪೂರ್ತಿ ತಳ್ಳಿಹಾಕುವುದೂ ಸುಲಭವಲ್ಲ. ಸೈನ್ಯ ನಿಂತಿರುವುದೇ ಹೇಳಿದ್ದನ್ನು ಕೇಳುವ ಅಭ್ಯಾಸದ ಮೇಲೆ. ಪ್ರತಿ ಸಿಪಾಯಿಯೂ ಪ್ರತಿ ಆದೇಶವನ್ನೂ ವಕೀಲನ ಹಾಗೆ ಪರೀಕ್ಷಿಸುತ್ತ ಕೂತರೆ ಗುಡ್ಡ ಹತ್ತುವವರು ಯಾರು? ಹಾಗಾಗಿ ಕಾನೂನು ಒಂದು ನಡುದಾರಿ ಹುಡುಕಿಕೊಂಡಿದೆ. ಆದೇಶ ತಪ್ಪಾಗಿದ್ದರೂ ಅದು ತಪ್ಪೆಂದು ಸಾಮಾನ್ಯ ಸಿಪಾಯಿಗೆ ತಿಳಿಯುವಂತಿಲ್ಲದಿದ್ದರೆ ಅವನನ್ನು ದೂರುವುದಿಲ್ಲ. ಯಾವ ಮನುಷ್ಯನಿಗಾದರೂ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿ ಅಕ್ರಮವಾಗಿದ್ದರೆ ಮಾತ್ರ, 'ಹೇಳಿದರು, ಮಾಡಿದೆ' ಎಂಬುದು ನಡೆಯುವುದಿಲ್ಲ.

ಈ ಗೆರೆ ಎಲ್ಲಿ ಬೀಳುತ್ತದೆ? 1918ರ ಜೂನ್‌ನಲ್ಲಿ ಜರ್ಮನಿಯ ಒಂದು ಸಬ್‌ಮರೀನ್ ಲ್ಯಾಂಡೋವರಿ ಕ್ಯಾಸಲ್ ಎಂಬ ಆಸ್ಪತ್ರೆ ಹಡಗನ್ನು ಮುಳುಗಿಸಿ, ಆಮೇಲೆ ಜೀವರಕ್ಷಕ ದೋಣಿಗಳ ಮೇಲೂ ಗುಂಡು ಹಾರಿಸಿತು. 234 ಮಂದಿ ಸತ್ತರು, ಉಳಿದವರು 24. ಯುದ್ಧ ಮುಗಿದ ಮೇಲೆ ಲೈಪ್‌ಜಿಗ್‌ನಲ್ಲಿ ಜರ್ಮನಿಯದೇ ನ್ಯಾಯಾಲಯ ವಿಚಾರಣೆ ನಡೆಸಿತು. ನೀರಿನಲ್ಲಿ ನಿಸ್ಸಹಾಯಕರಾಗಿ ತೇಲುತ್ತಿರುವವರನ್ನು ಕೊಲ್ಲಬಾರದು ಎಂಬುದು ಯಾವ ನಾವಿಕನಿಗೂ ಗೊತ್ತಿರುವ ವಿಷಯ, ಇಲ್ಲಿ ಆದೇಶದ ನೆಪ ನಡೆಯದು ಎಂದಿತು. ಇಬ್ಬರು ಕಿರಿಯ ಅಧಿಕಾರಿಗಳಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು, ಸ್ವಲ್ಪ ಕಾಲದಲ್ಲೇ ಅವರು ಸೆರೆಯಿಂದ ತಪ್ಪಿಸಿಕೊಂಡರು. ಆದೇಶ ಕೊಟ್ಟ ಕ್ಯಾಪ್ಟನ್ ಪಾಟ್‌ಸಿಗ್ ಕೈಗೇ ಸಿಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವಂತಿಲ್ಲ, ಇಲ್ಲಿ ಎಮ್ಮೆಗೂ ಜ್ವರವಿತ್ತು. ಆದರೆ ಎತ್ತು ಬೇಲಿ ಹಾರಿತ್ತು.

ಇನ್ನೂ ಸ್ಪಷ್ಟವಾದ ಗೆರೆ ಎಳೆದದ್ದು ಇಸ್ರೇಲಿನ ಒಂದು ಕೋರ್ಟು. 1956ರ ಅಕ್ಟೋಬರ್ 29ರಂದು ಸೂಯೆಜ್ ಯುದ್ಧ ಶುರುವಾದ ದಿನ, ಕಾಫರ್ ಖಾಸಿಂ ಎಂಬ ಅರಬ್ ಹಳ್ಳಿಯಲ್ಲಿ ಸಂಜೆ ಐದರಿಂದ ಕರ್ಫ್ಯೂ ಎಂದು ಸಾರಲಾಯಿತು. ಸಾರಿದ್ದು ಸುಮಾರು ಅರ್ಧ ಗಂಟೆ ಮೊದಲು. ಹೊಲಕ್ಕೆ, ಕೂಲಿಗೆ ಹೋದವರಿಗೆ ಸುದ್ದಿ ಮುಟ್ಟುವುದಾದರೂ ಹೇಗೆ? ಸೈಕಲ್ಲಿನಲ್ಲಿ, ಗಾಡಿಯಲ್ಲಿ, ಲಾರಿಯಲ್ಲಿ ಮನೆಗೆ ಮರಳುತ್ತಿದ್ದವರನ್ನು ಗಡಿ ಪೊಲೀಸರು ಇಳಿಸಿ ಕೊಂದರು. ಐವತ್ತರ ಹತ್ತಿರ ಜನ. ಅದೇ ಆದೇಶ ಪಡೆದಿದ್ದ ಅಕ್ಕಪಕ್ಕದ ಹಳ್ಳಿಗಳ ತುಕಡಿ ನಾಯಕರು ಜನರನ್ನು ಮನೆಗೆ ಕಳಿಸಿ ಸುಮ್ಮನಾಗಿದ್ದರು. ನ್ಯಾಯಾಧೀಶ ಬೆಂಜಮಿನ್ ಹಲೇವಿ ತೀರ್ಪಿನಲ್ಲಿ ಬರೆದದ್ದು ಮುಂದೆ ಜಗತ್ತಿನಾದ್ಯಂತ ಉಲ್ಲೇಖವಾಯಿತು: ಕೆಲವು ಆದೇಶಗಳ ಮೇಲೆ 'ನಿಷಿದ್ಧ' ಎಂದು ಎಚ್ಚರಿಸುವ ಕಪ್ಪು ಬಾವುಟ ಹಾರುತ್ತಿರುತ್ತದೆ, ಕಣ್ಣು ಕುರುಡಾಗಿರದಿದ್ದರೆ, ಹೃದಯ ಕಲ್ಲಾಗಿರದಿದ್ದರೆ ಅದು ಕಾಣಲೇಬೇಕು.

ತೀರ್ಪಿನ ಮಾತು ದೊಡ್ಡದು. ಶಿಕ್ಷೆ? ಅಪರಾಧಿಗಳೆಂದು ತೀರ್ಮಾನವಾದ ಎಂಟು ಮಂದಿಯೂ 1960ರ ಹೊತ್ತಿಗೆ ಹೊರಗಿದ್ದರು. ಕರ್ಫ್ಯೂವನ್ನು ಸಂಜೆ ಐದಕ್ಕೇ ಶುರು ಮಾಡಿಸಿದ ಬ್ರಿಗೇಡ್ ಕಮಾಂಡರ್ ಶದ್ಮಿಗೆ ಅಧಿಕಾರ ಮೀರಿದ್ದಕ್ಕಾಗಿ ಹತ್ತು ಪ್ರುತಾ ದಂಡ. ನಮ್ಮಲ್ಲಿ ಒಂದು ಕಾಲಕ್ಕೆ ಚಾಲ್ತಿಯಲ್ಲಿದ್ದ ಬಿಡಿಕಾಸಿನಂಥ ಮೊತ್ತ ಅದು.

ಕ್ಯಾಲಿಯ ಕೋರ್ಟ್ ಮಾರ್ಷಲ್‌ನಲ್ಲೂ ಇದೇ ಅಳತೆಗೋಲು. ಸಾಮಾನ್ಯ ತಿಳಿವಳಿಕೆಯ ಮನುಷ್ಯನಿಗೆ ಆ ಆದೇಶ ಅಕ್ರಮವೆಂದು ಗೊತ್ತಾಗುತ್ತಿತ್ತೇ? ಕೈ ಕಟ್ಟಿ ಕೂತ ಮುದುಕರನ್ನು, ಕಂಕುಳ ಕೂಸುಗಳನ್ನು ಕೊಲ್ಲುವುದು ಸರಿಯೆಂದು ನಂಬಲು ಯಾರಿಗೂ ಸಾಧ್ಯವಿಲ್ಲ ಎಂದಿತು ಕೋರ್ಟು. ಅದೇ ಕಾಲುವೆಯ ದಂಡೆಯಲ್ಲಿ ಬಂದೂಕು ಎತ್ತದೆ ನಿಂತ ಸಿಪಾಯಿಗಳೇ ಇದಕ್ಕೆ ಸಾಕ್ಷಿ. ಅವರಿಗೂ ಕ್ಯಾಲಿಯೇ ಮೇಲಧಿಕಾರಿ. 1971ರ ಮಾರ್ಚ್ 29ರಂದು 22 ಮಂದಿಯ ಕೊಲೆಗೆ ಕ್ಯಾಲಿ ಅಪರಾಧಿ ಎಂದಾಯಿತು.

ಅವನ ಜೊತೆ ಗುಂಡು ಹಾರಿಸಿದ ಉಳಿದವರು ಏನಾದರು? ಈ ಭಾಗವನ್ನು ಯಾರೂ ಹೆಚ್ಚು ಮಾತಾಡುವುದಿಲ್ಲ. ಪ್ರಕರಣ ಹೊರಬಿದ್ದದ್ದು ಒಂದೂವರೆ ವರ್ಷದ ಮೇಲೆ. ಅಷ್ಟರಲ್ಲಿ ಹಲವರ ಸೇವಾವಧಿ ಮುಗಿದು ಮನೆ ಸೇರಿದ್ದರು. ಸೇನೆ ಬಿಟ್ಟವರನ್ನು ಕೋರ್ಟ್ ಮಾರ್ಷಲ್‌ಗೆ ಎಳೆಯುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1955ರಲ್ಲೇ ಹೇಳಿತ್ತು. ಬೇರೆ ದಾರಿ ಹುಡುಕುವ ಮನಸ್ಸು ಸರ್ಕಾರಕ್ಕೆ ಇರಲಿಲ್ಲ. ಟಿವಿಯಲ್ಲಿ ಕೂತು ನಾನು ಕೊಂದೆ ಎಂದು ಒಪ್ಪಿಕೊಂಡ ಮೀಡ್ಲೋ ಕೂಡ ಹೀಗೇ ಉಳಿದ. ಹತ್ಯೆಯ ಮರುದಿನ ನೆಲಬಾಂಬಿಗೆ ಅವನ ಒಂದು ಪಾದ ಹೋಗಿತ್ತು. ನಾನು ಅವರಿಗೆ ಒಳ್ಳೆ ಹುಡುಗನನ್ನು ಕೊಟ್ಟಿದ್ದೆ, ಅವರು ಕೊಲೆಗಾರನನ್ನಾಗಿ ಮಾಡಿದರು ಎಂದಳು ಅವನ ತಾಯಿ.

ನಡುವಿನ ಮೆಟ್ಟಿಲು: 'ನನಗೆ ಗೊತ್ತೇ ಇರಲಿಲ್ಲ'

ಆ ತಾಯಿಯ ಮಾತಿನಲ್ಲಿರುವ 'ಅವರು' ಯಾರು? ಆದೇಶ ಕೊಟ್ಟವನು ಹೊಣೆ ಎಂಬುದರಲ್ಲಿ ಯಾವ ಗೊಂದಲವೂ ಇಲ್ಲ. ಕೊಂದವನಷ್ಟೇ ಅವನೂ ಅಪರಾಧಿ. ಕಷ್ಟವಿರುವುದು ಆದೇಶವನ್ನೂ ಕೊಡದ, ತಡೆಯಲೂ ಇಲ್ಲದ ಮೇಲಧಿಕಾರಿಯ ವಿಷಯದಲ್ಲಿ. ಕಾನೂನಿನಲ್ಲಿ ಇದಕ್ಕೆ ಕಮಾಂಡ್ ಹೊಣೆಗಾರಿಕೆ ಎನ್ನುತ್ತಾರೆ. ಅವನು ಮಾಡಿದ್ದಕ್ಕಲ್ಲ, ಮಾಡಬೇಕಿದ್ದದ್ದನ್ನು ಮಾಡದೆ ಬಿಟ್ಟದ್ದಕ್ಕೆ ಶಿಕ್ಷೆ.

ಇದನ್ನು ಜಗತ್ತಿಗೆ ಕಲಿಸಿದ್ದು ಅಮೆರಿಕವೇ. 1945ರ ಫೆಬ್ರವರಿಯಲ್ಲಿ ಮನಿಲಾದಲ್ಲಿ ಜಪಾನಿ ಪಡೆಗಳು ಭೀಕರ ನರಮೇಧ ನಡೆಸಿದವು. ಆ ತಿಂಗಳ ಕದನದಲ್ಲಿ ಸುಮಾರು ಒಂದು ಲಕ್ಷ ನಾಗರಿಕರು ಸತ್ತರೆಂಬ ಅಂದಾಜಿದೆ. ಫಿಲಿಪ್ಪೀನ್ಸಿನ ಜಪಾನಿ ದಂಡನಾಯಕ ಜನರಲ್ ಯಮಾಶಿತಾ ಆಗ ದೂರದ ಗುಡ್ಡಗಾಡಿನಲ್ಲಿದ್ದ. ಮನಿಲಾ ತೆರವು ಮಾಡಿ ಎಂಬ ಅವನ ಮಾತನ್ನು ಅಲ್ಲಿದ್ದ ನೌಕಾಪಡೆಯ ಅಧಿಕಾರಿ ಕೇಳಿರಲಿಲ್ಲ. ಕೊಲ್ಲಿ ಎಂದು ಯಮಾಶಿತಾ ಹೇಳಿದ್ದಕ್ಕೆ ಗಟ್ಟಿ ಸಾಕ್ಷ್ಯವಿರಲಿಲ್ಲ. ಆದರೂ ಅಮೆರಿಕದ ಸೇನಾ ಆಯೋಗ, ಕೃತ್ಯಗಳು ಇಷ್ಟು ವ್ಯಾಪಕವಾಗಿದ್ದಾಗ ತಿಳಿದಿರಲೇಬೇಕು, ತಿಳಿಯದಿದ್ದರೆ ಅದೇ ತಪ್ಪು ಎಂಬ ಧಾಟಿಯಲ್ಲಿ ಮರಣದಂಡನೆ ಕೊಟ್ಟಿತು. ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಅವರಲ್ಲಿ ಮರ್ಫಿಯ ವಾದ ಚುರುಕಾಗಿತ್ತು: ನಿನ್ನ ಸಂಪರ್ಕ ಜಾಲವನ್ನೆಲ್ಲ ಚಿಂದಿ ಮಾಡಿದವರು ನಾವೇ, ಈಗ ನಿನ್ನ ಪಡೆಗಳನ್ನು ಯಾಕೆ ಹಿಡಿತದಲ್ಲಿ ಇಟ್ಟುಕೊಳ್ಳಲಿಲ್ಲ ಎಂದು ನೇಣು ಹಾಕುವವರೂ ನಾವೇ! 1946ರ ಫೆಬ್ರವರಿ 23ರಂದು ಯಮಾಶಿತಾನನ್ನು ಗಲ್ಲಿಗೇರಿಸಲಾಯಿತು.

ಇಪ್ಪತ್ತೈದು ವರ್ಷ ಕಳೆದು 1971ರಲ್ಲಿ ಕ್ಯಾಪ್ಟನ್ ಮೆಡೀನಾ ಕಟಕಟೆಯಲ್ಲಿದ್ದ. ಯಮಾಶಿತಾ ನೂರಕ್ಕೂ ಹೆಚ್ಚು ಮೈಲಿ ಆಚೆ ಇದ್ದರೆ, ಮೆಡೀನಾ ಹಳ್ಳಿಯ ಅಂಚಿನಲ್ಲೇ ಇದ್ದ, ಕಿವಿಗೆ ಗುಂಡಿನ ಸದ್ದು ಬೀಳುತ್ತಿತ್ತು, ಕೈಯಲ್ಲಿ ರೇಡಿಯೋ ಇತ್ತು. ಈಗ ನ್ಯಾಯಾಧೀಶರು ಜ್ಯೂರಿಗೆ ಕೊಟ್ಟ ಸೂಚನೆಯೇ ಬೇರೆ: ನಾಗರಿಕರ ಕೊಲೆ ನಡೆಯುತ್ತಿದೆ ಎಂಬುದು ಅವನಿಗೆ ನಿಜವಾಗಿ ಗೊತ್ತಿತ್ತು ಎಂದು ಸಾಬೀತಾಗಬೇಕು. 'ಗೊತ್ತಿರಬೇಕಿತ್ತು' ಎಂಬುದು ಸಾಲದು. ಜ್ಯೂರಿಗೆ ಒಂದು ಗಂಟೆಯಷ್ಟು ಹೊತ್ತು ಸಾಕಾಯಿತು. ಮೆಡೀನಾ ಖುಲಾಸೆ.

ಸೋತ ದೇಶದ ಜನರಲ್‌ಗೆ ಒಂದು ಅಳತೆ, ತನ್ನದೇ ಸೇನೆಯ ಕ್ಯಾಪ್ಟನ್‌ಗೆ ಇನ್ನೊಂದು. ಮೆಡೀನಾ ಪರ ಒಂದು ಮಾತು ಹೇಳುವುದಾದರೆ, ಅನುಮಾನದ ಲಾಭ ಆರೋಪಿಗೆ ಎಂಬ ತತ್ವಕ್ಕೆ ಹತ್ತಿರವಿದ್ದದ್ದು ಅವನ ವಿಚಾರಣೆಯೇ. ಯಮಾಶಿತಾಗೆ ಆದದ್ದು ನ್ಯಾಯವೆಂದು ನನಗೂ ಅನ್ನಿಸುವುದಿಲ್ಲ. ಆದರೆ 'ನಿಜವಾಗಿ ಗೊತ್ತಿತ್ತು' ಎಂದು ಸಾಬೀತು ಮಾಡಿ ಎಂದು ಕೂತರೆ, ಕಿವಿ ಮುಚ್ಚಿಕೊಂಡ ಅಧಿಕಾರಿಯೇ ಜಾಣ ಎಂದಾಗುತ್ತದೆ.

ಈ ಎರಡು ಅತಿಗಳ ನಡುವೆ ನಿಲ್ಲಲು ಆಮೇಲಿನ ಕಾನೂನುಗಳು ಯತ್ನಿಸಿವೆ. 1977ರಲ್ಲಿ, ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳಿಗೆ ಸೇರಿದ ಮೊದಲ ಹೆಚ್ಚುವರಿ ಪ್ರೋಟೋಕಾಲ್, ಮೇಲಧಿಕಾರಿಯ ಕೈಗೆ ಸಿಕ್ಕ ಮಾಹಿತಿಯಿಂದ ಅವನು ಊಹಿಸಬಹುದಿತ್ತೇ ಎಂದು ಕೇಳುತ್ತದೆ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಹುಟ್ಟುಹಾಕಿದ, 2002ರಿಂದ ಜಾರಿಯಲ್ಲಿರುವ ರೋಮ್ ಶಾಸನದ 28ನೇ ವಿಧಿಯಲ್ಲಿ ಮೂರು ಪ್ರಶ್ನೆಗಳಿವೆ. ಆ ಪಡೆ ನಿಜಕ್ಕೂ ಅವನ ಹಿಡಿತದಲ್ಲಿತ್ತೇ? ಅವನಿಗೆ ಗೊತ್ತಿತ್ತೇ, ಅಥವಾ ಅಂದಿನ ಪರಿಸ್ಥಿತಿಯಲ್ಲಿ ಗೊತ್ತಿರಬೇಕಿತ್ತೇ? ತಡೆಯಲು, ಇಲ್ಲವೇ ತಪ್ಪಿತಸ್ಥರನ್ನು ವಿಚಾರಣೆಗೆ ಒಪ್ಪಿಸಲು ತನ್ನ ಕೈಲಾದದ್ದನ್ನು ಮಾಡಿದನೇ? ಮಂತ್ರಿಯಂಥ ನಾಗರಿಕ ಮೇಲಧಿಕಾರಿಯಾದರೆ ಅಳತೆ ತುಸು ಸಡಿಲ: ಕಣ್ಣಿಗೆ ಕಟ್ಟುವ ಮಾಹಿತಿಯನ್ನು ಬೇಕೆಂದೇ ಕಡೆಗಣಿಸಿದನೇ ಎಂದು ನೋಡುತ್ತಾರೆ.

ಮೈ ಲಾಯ್‌ಗೆ ಈ ಅಳತೆ ಹಿಡಿದು ನೋಡಿ. '128 ಹೆಣ, 3 ಬಂದೂಕು' ಎಂಬ ಸಾಲು ಮೇಲಿನವರ ಮೇಜಿನ ಮೇಲಿತ್ತು. ಥಾಮ್ಸನ್ ಅದೇ ದಿನ ದೂರು ಕೊಟ್ಟಿದ್ದ. ಗೊತ್ತಿರಬೇಕಿತ್ತೇ ಎಂಬ ಪ್ರಶ್ನೆಗೆ ಉತ್ತರ ಆ ಕಾಗದದಲ್ಲೇ ಇತ್ತು.

ಹಾಗೆಂದು ಹೊಸ ಕಾನೂನು ಬಂದ ಕೂಡಲೇ ಬಾಗಿಲು ತೆರೆಯಿತು ಅಂದುಕೊಳ್ಳಬೇಡಿ. ಕಾಂಗೋದ ಬಂಡಾಯ ನಾಯಕ ಝಾನ್ ಪಿಯರ್ ಬೆಂಬಾ 2002ರಲ್ಲಿ ನೆರೆಯ ಮಧ್ಯ ಆಫ್ರಿಕಾ ಗಣರಾಜ್ಯಕ್ಕೆ ತನ್ನ ಪಡೆ ಕಳಿಸಿದ್ದ. ಅವರು ಕೊಲೆ, ಅತ್ಯಾಚಾರ, ಲೂಟಿ ಎಲ್ಲ ನಡೆಸಿದರು. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2016ರಲ್ಲಿ ಬೆಂಬಾಗೆ 18 ವರ್ಷ ಶಿಕ್ಷೆ ಕೊಟ್ಟಿತು. 2018ರ ಜೂನ್‌ನಲ್ಲಿ ಮೇಲ್ಮನವಿ ಪೀಠ ಮೂರಕ್ಕೆ ಎರಡರ ಬಹುಮತದಿಂದ ಬಿಟ್ಟುಬಿಟ್ಟಿತು. ಪರದೇಶದಲ್ಲಿದ್ದ ಪಡೆಯನ್ನು ದೂರದಿಂದ ನಿಯಂತ್ರಿಸುವವನ ಕಷ್ಟಗಳನ್ನು ಕೆಳಗಿನ ಪೀಠ ಸರಿಯಾಗಿ ತೂಗಲಿಲ್ಲ, ಅವನು ಒಂದಷ್ಟು ಕ್ರಮವನ್ನಂತೂ ಕೈಗೊಂಡಿದ್ದ ಎಂಬುದು ಕಾರಣ. 2023ರಲ್ಲಿ ಅದೇ ಬೆಂಬಾ ಕಾಂಗೋದ ರಕ್ಷಣಾ ಮಂತ್ರಿಯಾದ.

ಬಾಗಿಲಲ್ಲಿ ನಿಂತವರು

ನಮ್ಮವರಿಗೆ ಈ ಪ್ರಶ್ನೆ ಹೊಸದಲ್ಲ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮ ರಾತ್ರಿ ಪಾಂಡವರ ಶಿಬಿರಕ್ಕೆ ನುಗ್ಗಿ ಮಲಗಿದ್ದವರನ್ನು ಕೊಲ್ಲುತ್ತಾನೆ. ತೊಡೆ ಮುರಿದು ಬಿದ್ದಿದ್ದ ದುರ್ಯೋಧನ ಅವನನ್ನು ಸೇನಾಪತಿ ಮಾಡಿರುತ್ತಾನೆ. ಜೊತೆಗಿದ್ದ ಕೃಪಾಚಾರ್ಯ, ಮಲಗಿದ್ದವರನ್ನು ಕೊಲ್ಲುವುದು ಅಧರ್ಮ, ಹಿರಿಯರನ್ನು ಕೇಳೋಣ ಎಂದು ತಡೆಯಲು ನೋಡುತ್ತಾನೆ. ಅಶ್ವತ್ಥಾಮ ಕೇಳದಾಗ ಹಿಂದೆಯೇ ಹೋಗುತ್ತಾನೆ. ಹೋಗಿ ಕೃತವರ್ಮನ ಜೊತೆ ಶಿಬಿರದ ಬಾಗಿಲಲ್ಲಿ ನಿಂತು, ಪ್ರಾಣ ಉಳಿಸಿಕೊಳ್ಳಲು ಹೊರಗೆ ಓಡಿಬಂದವರನ್ನು ಕತ್ತರಿಸುತ್ತಾನೆ.

ಶಿಕ್ಷೆ ಹೇಗೆ ಹಂಚಿಕೆಯಾಯಿತು ನೋಡಿ. ಅಶ್ವತ್ಥಾಮ ಹಣೆಯ ಮಣಿ ಕಳೆದುಕೊಂಡು ಮೂರು ಸಾವಿರ ವರ್ಷ ಅಲೆಯುವ ಶಾಪ ಹೊತ್ತ. ದುರ್ಯೋಧನ ಸುದ್ದಿ ಕೇಳಿ ನೆಮ್ಮದಿಯಿಂದ ಸತ್ತ. ಅಧರ್ಮವೆಂದು ಗೊತ್ತಿದ್ದೂ ಬಾಗಿಲು ಕಾಯ್ದ ಕೃಪ, ಪರೀಕ್ಷಿತನಿಗೆ ಗುರುವಾದ. ಕೃತವರ್ಮನನ್ನು 36 ವರ್ಷದ ಮೇಲೆ ಪ್ರಭಾಸದ ಕುಡಿತದ ಜಗಳದಲ್ಲಿ, ಮಲಗಿದ್ದವರನ್ನು ಕೊಂದವನಲ್ಲವೇ ನೀನು ಎಂದು ಸಾತ್ಯಕಿ ಹಂಗಿಸಿ ತಲೆ ಕಡಿದ. ವ್ಯಾಸರಿಗೆ ಸೇನಾ ವ್ಯವಸ್ಥೆ ಚೆನ್ನಾಗಿಯೇ ಗೊತ್ತಿತ್ತು ಅನ್ನಿಸುತ್ತದೆ.

ಮೈ ಲಾಯ್‌ನಲ್ಲಿ ಬಾಗಿಲು ಕಾಯ್ದವರು ಕಚೇರಿಗಳಲ್ಲಿದ್ದರು. ಬ್ರಿಗೇಡ್ ಕಮಾಂಡರ್ ಕರ್ನಲ್ ಹೆಂಡರ್ಸನ್ ಥಾಮ್ಸನ್‌ನ ದೂರನ್ನು ಖುದ್ದಾಗಿ ಕೇಳಿಸಿಕೊಂಡರು. ಏಪ್ರಿಲ್‌ನಲ್ಲಿ ಕೊಟ್ಟ ವರದಿಯಲ್ಲಿ, ಸುಮಾರು 20 ನಾಗರಿಕರು ಆಕಸ್ಮಿಕವಾಗಿ ಸತ್ತಿದ್ದಾರೆ ಎಂದು ಬರೆದರು. ಡಿವಿಜನ್ ಮುಖ್ಯಸ್ಥ ಮೇಜರ್ ಜನರಲ್ ಕೋಸ್ಟರ್ ಅಷ್ಟಕ್ಕೇ ಬಿಟ್ಟರು. ಥಾಮ್ಸನ್‌ಗೆ ಒಂದು ಪದಕ ಬಂತು. ಭಾರಿ ಗುಂಡಿನ ಕಾಳಗದ ನಡುವೆ ಸಿಕ್ಕಿಕೊಂಡ ಮಗುವನ್ನು ಕಾಪಾಡಿದ್ದಕ್ಕೆ ಎಂದು ಅದರ ಪ್ರಶಸ್ತಿಪತ್ರದಲ್ಲಿತ್ತು. ಕಾಳಗವೇ ನಡೆದಿರಲಿಲ್ಲವಲ್ಲ! ಅವನು ಪದಕವನ್ನು ಎಸೆದ.

ವಿಷಯ ಹೊರಬಂದದ್ದು ಸೇನೆಯ ಯಾವ ಕಚೇರಿಯಿಂದಲೂ ಅಲ್ಲ. ರಾನ್ ರೈಡನ್‌ಅವರ್ ಎಂಬ ಮಾಜಿ ಸೈನಿಕ, ಗೆಳೆಯರಿಂದ ಕೇಳಿದ್ದನ್ನೆಲ್ಲ ಕೂಡಿಹಾಕಿ 1969ರ ಮಾರ್ಚ್‌ನಲ್ಲಿ ಅಧ್ಯಕ್ಷರಿಗೂ ಸಂಸದರಿಗೂ ಪತ್ರ ಬರೆದ. ನವೆಂಬರ್‌ನಲ್ಲಿ ಪತ್ರಕರ್ತ ಸೈಮೂರ್ ಹರ್ಶ್ ಸುದ್ದಿ ಮಾಡಿದರು. ಸೇನೆಯ ಛಾಯಾಗ್ರಾಹಕ ಹೇಬರ್ಲಿ ತನ್ನ ಸ್ವಂತ ಕ್ಯಾಮೆರಾದಲ್ಲಿ ತೆಗೆದಿದ್ದ ಬಣ್ಣದ ಚಿತ್ರಗಳನ್ನು ಹೊರಗೆ ಬಿಟ್ಟ. ಸರ್ಕಾರದ ಕ್ಯಾಮೆರಾದಲ್ಲಿದ್ದ ಕಪ್ಪುಬಿಳುಪು ಚಿತ್ರಗಳು ಸೇನೆಗೆ ಹೋಗಿದ್ದವು.

ಲೆಫ್ಟಿನೆಂಟ್ ಜನರಲ್ ಪಿಯರ್ಸ್ ನೇತೃತ್ವದ ತನಿಖೆ ಪ್ರಾಮಾಣಿಕವಾಗಿತ್ತು ಎಂದೇ ಹೇಳಬೇಕು. ಸೇನೆಯ ಮನುಷ್ಯನೇ ಸೇನೆಯ ಮೇಲೆ ಬರೆದ ಕಟು ವರದಿ ಅದು. ಮುಚ್ಚಿಟ್ಟ ಆರೋಪ 14 ಅಧಿಕಾರಿಗಳ ಮೇಲೆ ಬಂತು. ವಿಚಾರಣೆಯ ತನಕ ಹೋದದ್ದು ಹೆಂಡರ್ಸನ್ ಒಬ್ಬರೇ, ಅವರೂ 1971ರ ಡಿಸೆಂಬರ್‌ನಲ್ಲಿ ಖುಲಾಸೆ. ಕೋಸ್ಟರ್ ಮೇಲಿನ ಆರೋಪ ಕೈಬಿಟ್ಟರು. ಒಂದು ದರ್ಜೆ ಇಳಿಸಿ, ಒಂದು ಪದಕ ವಾಪಸ್ ಪಡೆದರು.

ಮೇಲಿನ ಮೆಟ್ಟಿಲು: ದೇಶ

ಕ್ಯಾಲಿಗೆ ಜೀವಾವಧಿ ಶಿಕ್ಷೆ ಎಂದು ಸುದ್ದಿಯಾದಾಗ ಶ್ವೇತಭವನಕ್ಕೆ ಸಾವಿರಾರು ತಂತಿಗಳು ಬಂದವು. ಬಹುತೇಕ ಎಲ್ಲವೂ ಕ್ಯಾಲಿಯ ಪರ. ಯುದ್ಧ ಬೇಕೆನ್ನುವವರಿಗೆ ಅವನು ವೀರ. ಬೇಡವೆನ್ನುವವರಿಗೆ ಬಲಿಪಶು, ದೊಡ್ಡವರನ್ನು ಬಿಟ್ಟು ಚಿಕ್ಕವನನ್ನು ಹಿಡಿದರು ಎಂಬ ಸಿಟ್ಟು. ಈ ಎರಡನೆಯ ಸಿಟ್ಟಿನಲ್ಲಿ ನಿಜವಿದೆ, ಆದರೆ ಅದರಿಂದ ಕ್ಯಾಲಿಯ ಕೈ ತೊಳೆದಂತಾಗುವುದಿಲ್ಲ. ಅಧ್ಯಕ್ಷ ನಿಕ್ಸನ್ ಅಪರಾಧಿ ಎಂಬ ತೀರ್ಪು ಬಂದ ಮೂರೇ ದಿನದಲ್ಲಿ ಅವನನ್ನು ಜೈಲಿನಿಂದ ಬಿಡಿಸಿ ಗೃಹಬಂಧನಕ್ಕೆ ಕಳಿಸಿದರು. ಶಿಕ್ಷೆ 20 ವರ್ಷಕ್ಕೆ, ಆಮೇಲೆ 10ಕ್ಕೆ ಇಳಿಯಿತು. ಹೆಚ್ಚುಕಡಿಮೆ ಮೂರೂವರೆ ವರ್ಷದಲ್ಲಿ, ಅದೂ ಬಹುಪಾಲು ತನ್ನ ಕ್ವಾರ್ಟರ್ಸಿನಲ್ಲಿ ಕೂತು, ಅವನು ಹೊರಬಂದ.

ದೇಶವೇ ಹೊಣೆ ಹೊರುವ ದಾರಿಯೊಂದಿದೆ. ತನ್ನ ಸೇನೆಯ ಜನ ಮಾಡಿದ ಎಲ್ಲ ಕೃತ್ಯಕ್ಕೂ ದೇಶ ಜವಾಬ್ದಾರ, ಪರಿಹಾರ ಕೊಡಬೇಕು ಎಂದು 1907ರ ಹೇಗ್ ಒಪ್ಪಂದವೇ ಹೇಳುತ್ತದೆ. ಇದು ಜೈಲಿನ ಲೆಕ್ಕವಲ್ಲ, ದುಡ್ಡಿನ ಲೆಕ್ಕ. ಕಾಂಗೋದಲ್ಲಿ ತನ್ನ ಪಡೆಗಳು ಮಾಡಿದ ಹಾನಿಗೆ ಉಗಾಂಡಾ 32.5 ಕೋಟಿ ಡಾಲರ್ ಕಟ್ಟಬೇಕೆಂದು ಅಂತರರಾಷ್ಟ್ರೀಯ ನ್ಯಾಯಾಲಯ 2022ರಲ್ಲಿ ಆದೇಶಿಸಿತು.

ಆದರೆ ದೇಶ ಹೊಣೆ ಎಂದರೆ ವ್ಯಕ್ತಿಗಳು ಪಾರು ಎಂದಲ್ಲ. ಕೆಲವೊಮ್ಮೆ ರಾಜಕೀಯ ಲೆಕ್ಕಾಚಾರ ಎರಡನ್ನೂ ನುಂಗುತ್ತದೆ. 1971ರ ಯುದ್ಧದಲ್ಲಿ ಸುಮಾರು 93,000 ಮಂದಿ ಭಾರತದ ಸೆರೆಯಾದರು. ಅವರಲ್ಲಿ 195 ಮಂದಿ ಪಾಕಿಸ್ತಾನಿ ಸೈನಿಕರನ್ನು ಯುದ್ಧಾಪರಾಧಕ್ಕೆ ವಿಚಾರಣೆ ನಡೆಸಬೇಕೆಂದು ಬಾಂಗ್ಲಾದೇಶ ಪಟ್ಟು ಹಿಡಿದಿತ್ತು. 1974ರ ಏಪ್ರಿಲ್ 9ರಂದು ದೆಹಲಿಯಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಒಪ್ಪಂದವಾಗಿ, ಆ 195 ಮಂದಿಯೂ ವಿಚಾರಣೆಯಿಲ್ಲದೆ ಊರಿಗೆ ಹೋದರು. ಮಾನ್ಯತೆ, ಬಂದಿಗಳ ವಿನಿಮಯ, ಶಾಂತಿ ಎಲ್ಲವೂ ಆಗ ಬೇಕಾಗಿತ್ತು ನಿಜ. ಸತ್ತವರ ಮನೆಯವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ? 1950ರ ಸೇನಾ ಕಾಯ್ದೆಯ 41ನೇ ಸೆಕ್ಷನ್ ಆದೇಶ ಮೀರಿದವನಿಗೆ ಶಿಕ್ಷೆ ಹೇಳುತ್ತದೆ, ಆದರೆ ಆ ಆದೇಶ 'ಕಾನೂನುಬದ್ಧ' ಆಗಿರಬೇಕು ಎಂಬ ಪದವನ್ನೂ ಸೇರಿಸಿದೆ. ಹಳೆಯ ದಂಡ ಸಂಹಿತೆಯ 76ನೇ ಸೆಕ್ಷನ್, ಈಗಿನ ನ್ಯಾಯ ಸಂಹಿತೆಯ 14ನೇ ಸೆಕ್ಷನ್ ಕೊಡುವ ಉದಾಹರಣೆಯೂ ಸೈನಿಕನದೇ: ಕಾನೂನಿನ ಅಪ್ಪಣೆಗೆ ಅನುಸಾರವಾಗಿ ಮೇಲಧಿಕಾರಿಯ ಆದೇಶದಂತೆ ಗುಂಪಿನ ಮೇಲೆ ಗುಂಡು ಹಾರಿಸಿದವನು ಅಪರಾಧಿಯಲ್ಲ. 'ಕಾನೂನಿನ ಅಪ್ಪಣೆಗೆ ಅನುಸಾರವಾಗಿ' ಎಂಬ ಮೂರು ಪದ ತೆಗೆದರೆ ಅರ್ಥವೇ ತಿರುಗುತ್ತದೆ. ಜಿನೀವಾ ಒಪ್ಪಂದಗಳಿಗೆ 1960ರಲ್ಲೇ ನಾವು ಕಾಯ್ದೆ ಮಾಡಿಕೊಂಡಿದ್ದೇವೆ. 1977ರ ಪ್ರೋಟೋಕಾಲ್‌ಗೂ ರೋಮ್ ಶಾಸನಕ್ಕೂ ಸೇರಿಲ್ಲ. ಹಾಗಾಗಿ ಸುಮ್ಮನಿದ್ದ ಮೇಲಧಿಕಾರಿಯನ್ನು ಹಿಡಿಯುವ ಮೆಟ್ಟಿಲು ನಮ್ಮ ದಂಡ ಸಂಹಿತೆಯಲ್ಲಿ ಇಲ್ಲ.

ಕೆಳಗಿನ ಮೆಟ್ಟಿಲಿಗೂ ಕೆಲವು ಕಡೆ ಬೀಗವಿದೆ. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಜಾರಿಯಲ್ಲಿರುವ ಪ್ರದೇಶದಲ್ಲಿ ಸೈನಿಕರ ಮೇಲೆ ಮೊಕದ್ದಮೆ ಹೂಡಲು ಕೇಂದ್ರದ ಪೂರ್ವಾನುಮತಿ ಬೇಕು. ಅದು ಘೋಷಿತ ಯುದ್ಧವಲ್ಲ, ಆದರೂ ಪ್ರಶ್ನೆ ಅದೇ. 2021ರ ಡಿಸೆಂಬರ್‌ನಲ್ಲಿ ನಾಗಾಲ್ಯಾಂಡಿನ ಓಟಿಂಗ್ ಬಳಿ, ಕಲ್ಲಿದ್ದಲ ಗಣಿ ಕೆಲಸ ಮುಗಿಸಿ ಪಿಕಪ್ ಗಾಡಿಯಲ್ಲಿ ಮನೆಗೆ ಹೊರಟಿದ್ದವರ ಮೇಲೆ ಉಗ್ರರೆಂದು ತಪ್ಪು ತಿಳಿದು ಗುಂಡು ಹಾರಿತು. ರಾಜ್ಯದ ಪೊಲೀಸರು 30 ಸೈನಿಕರ ಮೇಲೆ ದೋಷಾರೋಪ ಪಟ್ಟಿ ಹಾಕಿದರು. ಕೇಂದ್ರ ಅನುಮತಿ ಕೊಡಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಮೊಕದ್ದಮೆಯನ್ನು ಮುಕ್ತಾಯಗೊಳಿಸಿತು. ಅನುಮತಿ ಸಿಕ್ಕರೆ ಮುಂದುವರಿಸಬಹುದು ಎಂದಿತು.

ಆಮೇಲೆ

ಥಾಮ್ಸನ್‌ಗೆ ಮನೆಗೆ ಬೆದರಿಕೆ ಕರೆಗಳು ಬರುತ್ತಿದ್ದವು, ಬಾಗಿಲಲ್ಲಿ ಸತ್ತ ಪ್ರಾಣಿಗಳನ್ನು ಎಸೆದು ಹೋಗುತ್ತಿದ್ದರು. ಈ ಪ್ರಕರಣದಲ್ಲಿ ಯಾರಿಗಾದರೂ ಶಿಕ್ಷೆ ಆಗಬೇಕಿದ್ದರೆ ಅದು ಥಾಮ್ಸನ್‌ಗೆ, ತನ್ನವರ ಮೇಲೆ ಬಂದೂಕು ತಿರುಗಿಸಿದ್ದಕ್ಕೆ ಎಂದಿದ್ದರು ಸಂಸತ್ತಿನ ಸೇನಾ ಸಮಿತಿಯ ಅಧ್ಯಕ್ಷ ಮೆಂಡೆಲ್ ರಿವರ್ಸ್. ಸರಿಯಾದ ಕಾರಣಕ್ಕೆ ಸರಿಯಾದ ಪದಕ ಮೂವರಿಗೂ ಸಿಕ್ಕಿದ್ದು 1998ರಲ್ಲಿ, ಆ ಬೆಳಗ್ಗೆಗೆ 30 ವರ್ಷ ತುಂಬಿದಾಗ. ಆಂಡ್ರಿಯೊಟಾಗೆ ಮರಣೋತ್ತರ.

ಕ್ಯಾಲಿ ಜಾರ್ಜಿಯಾದ ಕೊಲಂಬಸ್ ಊರಿನಲ್ಲಿ ಮಾವನ ಆಭರಣದ ಅಂಗಡಿ ನೋಡಿಕೊಂಡು ಬದುಕಿದ. ದಶಕಗಳ ಕಾಲ ಈ ವಿಷಯ ಬಹಿರಂಗವಾಗಿ ಬಾಯಿಬಿಡಲಿಲ್ಲ. 2009ರ ಆಗಸ್ಟ್‌ನಲ್ಲಿ ಊರಿನ ಒಂದು ಸಣ್ಣ ಕ್ಲಬ್ಬಿನ ಸಭೆಯಲ್ಲಿ ಎದ್ದು ನಿಂತು, ಆ ದಿನದ ಬಗ್ಗೆ ಪಶ್ಚಾತ್ತಾಪ ಪಡದೆ ಕಳೆದ ದಿನವೇ ಇಲ್ಲ, ಸತ್ತ ವಿಯೆಟ್ನಾಮಿಗಳಿಗೆ, ಅವರ ಮನೆಯವರಿಗೆ, ಇದರಲ್ಲಿ ಸಿಲುಕಿದ ಅಮೆರಿಕದ ಸೈನಿಕರಿಗೆ ಕ್ಷಮೆ ಕೇಳುತ್ತೇನೆ ಎಂದ. ಕೇಳುತ್ತಿದ್ದವರಲ್ಲಿ ಒಬ್ಬರು, ಅಕ್ರಮ ಆದೇಶವನ್ನು ಪಾಲಿಸುವುದೂ ಅಕ್ರಮವಲ್ಲವೇ ಎಂದು ಪ್ರಶ್ನಿಸಿದರು. ಹೌದು ಎಂದು ಒಪ್ಪಿಕೊಂಡ. ಮತ್ತೆ, ಯಾಕೆ ಎದುರು ನಿಲ್ಲಲಿಲ್ಲ ಎಂದು ಕೇಳಿದರೆ ನಾನು ಸೆಕೆಂಡ್ ಲೆಫ್ಟಿನೆಂಟ್, ಕಮಾಂಡರ್ ಆದೇಶ ಕೊಟ್ಟರು, ಪಾಲಿಸಿದೆ, ಮೂರ್ಖತನ ಇರಬೇಕು ಎಂದ. ಅವನ ಕಮಾಂಡರ್ ಮೆಡೀನಾ ಆಗ ವಿಸ್ಕಾನ್ಸಿನ್‌ನಲ್ಲಿದ್ದರು.